ನಮ್ಮ ರಕ್ತ ಬೇಕು, ನಮ್ಮ ಮಾತು ಬ್ಯಾಡೇನು?



ಪೋಸ್ಟ್ ಉದ್ದ ಐತಿ. ಪುರುಸೊತ್ತಾದಾಗ ಓದ್ರಿ, ಆದ್ರೆ ಪೂರ್ತಿ ಓದ್ರಿ.

ಆರೋಗ್ಯದ ಬಗ್ಗೆ ಸಂಶೋಧನೆ ಮಾಡೋರ ಬಾಯಲ್ಲಿ ಈಗ ಒಂದು ಪದ ಓಡಾಡ್ತಾ ಇದೆ. 'ಸಮುದಾಯದ ಸಹಭಾಗಿತ್ವ'. ಪ್ರಾಜೆಕ್ಟ್ ಬರೆಯುವಾಗ ಇದೊಂದು ಪುಟ ಇರಲೇಬೇಕು, ಇಲ್ಲದಿದ್ದರೆ ಹಣ ಕೊಡೋರು ಹಣ ಕೊಡೋದಿಲ್ಲ. ಪದ ಚಲೋ ಐತಿ. ಆದರೆ ಆ 'ಸಮುದಾಯ' ಅಂದ್ರೆ ಯಾರು, 'ಭಾಗ' ಅಂದ್ರೆ ಎಷ್ಟು ಅನ್ನೋದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ಅದನ್ನು ನಾವೇ ಕೇಳಬೇಕು.

ಇದನ್ನು ಈಗ ಬರೆಯೋಕೆ ಕಾರಣ ಇದೆ. ಟಿಕೋಟಾ, ಬಬಲೇಶ್ವರ ಕಡೆಯ ನಮ್ಮ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಇತ್ತೀಚೆಗೆ ದೊಡ್ಡ ವಾದ ಆಯ್ತು. ಒಂದು ಕೇರಿಗೆ ಸರ್ವೆಯವರು ಬಂದು, ಪ್ರಶ್ನೆ ಕೇಳಿ, ರಕ್ತದ ಸ್ಯಾಂಪಲ್ ಬೇಕು ಅಂದರಂತೆ. ಒಂದು ಗುಂಪಿನ ಮಾತು: "ಇನ್ನ ಮ್ಯಾಲೆ ಯಾರಿಗೂ ಒಂದು ಹನಿ ಕೊಡೂದು ಬ್ಯಾಡ. ನಾವೇನು ಇಲಿ ಏನ್ರೀ?" ಇನ್ನೊಂದು ಗುಂಪಿನ ಮಾತು: "ಬರ್ಲಿ ಬಿಡ್ರಿ, ಪುಕ್ಕಟೆ ಚೆಕಪ್ ಆಗತೈತಿ, ನಮ್ಮ ಗಂಟೇನು ಹೋಗತೈತಿ?"

ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು. ಬಾಗಿಲು ಹಾಕಿಕೊಂಡರೆ ನಮ್ಮ ರೋಗ ಲೆಕ್ಕಕ್ಕೇ ಬರೋದಿಲ್ಲ. ಲೆಕ್ಕಕ್ಕೆ ಬರದ ರೋಗಕ್ಕೆ ಔಷಧವೂ ಇಲ್ಲ, ಬಜೆಟ್ಟೂ ಇಲ್ಲ. ಬಾಗಿಲು ಹಾರು ಹೊಡೆದು ಬಿಟ್ಟರೆ ನಾವು ಬರೀ ಸ್ಯಾಂಪಲ್ ಆಗ್ತೀವಿ. ಬಾಗಿಲಲ್ಲಿ ನಿಂತು, ನಮ್ಮ ಷರತ್ತು ಹೇಳಿ, ಒಳಗೆ ಕರೀಬೇಕು. ಆ ಷರತ್ತು ಏನು ಅನ್ನೋದೇ ಈ ಪೋಸ್ಟ್.

ನಮ್ಮ ಜಿಲ್ಲೆಯಲ್ಲೇ ನಡೆದದ್ದು

ಸಂಶೋಧನೆ ಅಂದ್ರೆ ಎಲ್ಲೋ ಅಮೆರಿಕಾದಲ್ಲಿ ಬಿಳಿ ಕೋಟು ಹಾಕಿಕೊಂಡು ಮಾಡೋದು ಅಂತ ತಿಳೀಬೇಡಿ. 'ಸಮತಾ' ಅಂತ ಒಂದು ಅಧ್ಯಯನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲೇ ನಡೆಯಿತು. ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ಮತ್ತು ಲಂಡನ್ ಸ್ಕೂಲ್ ಆಫ್ ಹೈಜೀನ್ ಆಂಡ್ ಟ್ರಾಪಿಕಲ್ ಮೆಡಿಸಿನ್ ಸೇರಿ ಮಾಡಿದ್ದು. 80 ಹಳ್ಳಿ. 40 ಹಳ್ಳಿಗಳಲ್ಲಿ ಕಾರ್ಯಕ್ರಮ, ಉಳಿದ 40ರಲ್ಲಿ ಹೋಲಿಕೆಗಾಗಿ ಬರೀ ಲೆಕ್ಕ. ಒಳಗೊಂಡವರು 2,457 ಹುಡುಗಿಯರು. ಎಲ್ಲರೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು. ಅಂದ್ರೆ ನಮ್ಮ ಮಕ್ಕಳು.

ಉದ್ದೇಶ ಒಳ್ಳೇದು. ಹುಡುಗಿಯರು ಹೈಸ್ಕೂಲು ಬಿಡಬಾರದು, ಸಣ್ಣ ವಯಸ್ಸಿನಲ್ಲಿ ಮದುವೆ ಆಗಬಾರದು, ದೇವದಾಸಿ ಪದ್ಧತಿಯ ಹಾದಿಯಲ್ಲಿ ಲೈಂಗಿಕ ವೃತ್ತಿಗೆ ಹೋಗಬಾರದು, ಅದರಿಂದ ಎಚ್‌ಐವಿ ತಗಲಬಾರದು ಅಂತ. 2019ರಲ್ಲಿ ಬಂದ ಫಲಿತಾಂಶ ಏನು ಹೇಳಿತು? ಒಟ್ಟಾರೆ ನೋಡಿದರೆ ಕಾರ್ಯಕ್ರಮ ಇದ್ದ ಹಳ್ಳಿಗೂ ಇಲ್ಲದ ಹಳ್ಳಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದರು, ಅದು ಪ್ರಾಮಾಣಿಕತನ. ನಾನು ಆ ಸಂಸ್ಥೆಯ ಮೇಲೆ ದೂರು ಹೇಳೋಕೆ ಇದನ್ನು ಬರೀತಿಲ್ಲ.

ನನ್ನ ಪ್ರಶ್ನೆ ನಿಮಗೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನಕ್ಕೆ ಇಂಥದ್ದೊಂದು ನಡೆದಿತ್ತು ಅಂತ ಗೊತ್ತಿತ್ತು? ಎರಡೂವರೆ ಸಾವಿರ ದಲಿತ, ಆದಿವಾಸಿ ಹುಡುಗಿಯರ ಶಾಲೆ, ಮದುವೆ, ಮೈ ಎಲ್ಲದರ ಲೆಕ್ಕ ಇಂಗ್ಲಿಷ್ ಜರ್ನಲ್ಲಿನಲ್ಲಿದೆ. ನಮ್ಮ ಸಂಘಗಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಜಿಲ್ಲಾ ಪಂಚಾಯತಿಗೆ ಹೋಗಿ "ನೋಡ್ರಿ, ಬರೀ ಬುದ್ಧಿ ಹೇಳಿದ್ರ ಸಾಲೂದಿಲ್ಲ. ಹೈಸ್ಕೂಲಿಗೆ ಬಸ್ ಕೊಡ್ರಿ, ಹಾಸ್ಟೆಲ್ ಸೀಟ್ ಹೆಚ್ಚು ಮಾಡ್ರಿ" ಅಂತ ಕೇಳಬಹುದಿತ್ತು. ಅಪ್ಪ ಅವ್ವ ಗೋವಾಕ್ಕೋ, ಮಹಾರಾಷ್ಟ್ರಕ್ಕೆ ಕಬ್ಬು ಕಡಿಯೋಕೋ ಹೋದರೆ ಹುಡುಗಿ ಯಾರ ಮನೆಯಲ್ಲಿ ಇರಬೇಕು? ಈ ಪ್ರಶ್ನೆ ನಮ್ಮ ಕೇರಿಯ ಯಾವ ಅಜ್ಜಿಯನ್ನು ಕೇಳಿದರೂ ಮೊದಲನೇ ದಿನವೇ ಹೇಳ್ತಾಳೆ.

ದಕ್ಷಿಣ ಆಫ್ರಿಕಾದಲ್ಲೂ ಇದೇ ಥರ ಒಂದು ಪ್ರಯೋಗ ನಡೆಯಿತು. ಬುಶ್‌ಬಕ್‌ರಿಜ್ ಅನ್ನೋ ಬಡ ಗ್ರಾಮೀಣ ಪ್ರದೇಶ, ಸುಮಾರು 2,500 ಹುಡುಗಿಯರು. ಶಾಲೆಗೆ ಹೋದರೆ ಪ್ರತಿ ತಿಂಗಳು ಹಣ. ಕೊನೆಗೆ ನೋಡಿದರೆ ಹಣ ಸಿಕ್ಕವರು, ಸಿಗದವರು ಎರಡೂ ಕಡೆ ಹೆಚ್ಚಿನ ಹುಡುಗಿಯರು ಶಾಲೆ ಬಿಟ್ಟೇ ಇರಲಿಲ್ಲ. ಎಚ್‌ಐವಿ ತಗಲುವುದರಲ್ಲೂ ವ್ಯತ್ಯಾಸ ಬರಲಿಲ್ಲ. ಬಡವರ ಮಕ್ಕಳು ಓದೋಕೆ ಮನಸ್ಸಿಲ್ಲದೆ ಶಾಲೆ ಬಿಡ್ತಾರೆ ಅಂತ ಹೊರಗಿನವರು ಅಂದುಕೊಳ್ತಾರೆ. ನಮ್ಮ ಮಕ್ಕಳಿಗೆ ಓದೋ ಮನಸ್ಸು ಮೊದಲಿಂದ ಇದೆ. ತಡೆ ಇರೋದು ಬೇರೆ ಕಡೆ.

ಆದ್ರೆ ಒಂದು ವಿಷಯ ಅಲ್ಲಿಂದ ಕಲೀಬೇಕು. ಅದೇ ಭಾಗದ ಅಗಿನ್‌ಕೋರ್ಟ್ ಸಂಶೋಧನಾ ಕೇಂದ್ರ 1992ರಿಂದ ಆ ಹಳ್ಳಿಗಳ ಹುಟ್ಟು, ಸಾವು, ವಲಸೆಯ ಲೆಕ್ಕ ಇಡ್ತಾ ಇದೆ. ಆ ಲೆಕ್ಕವನ್ನು ಹಳ್ಳಿಗಳಿಗೆ ವಾಪಸ್ ಒಯ್ದು ಹೇಳೋಕೆ ಅಂತಲೇ ಒಂದು ವಿಭಾಗ ಇಟ್ಟಿದೆ. ನಿಮ್ಮೂರಿನ ಅಂಕಿ ನಿಮ್ಮ ಕೈಗೆ. ಇಷ್ಟೇ ಸಾಕು ಅಂತಲ್ಲ. ಆದ್ರೆ ಇದು ಶುರುವಾತ್.

ಸಹಿ ಅಂದ್ರೆ ಒಪ್ಪಿಗೆ ಅಲ್ಲ

ನಾನು ಗುಮಾಸ್ತ. ಬದುಕಿಡೀ ಅರ್ಜಿ, ಸಹಿ, ಹೆಬ್ಬಟ್ಟು ನೋಡುತ್ತಾ ಬಂದವನು. ನಮ್ಮ ಮಂದಿ ಆಫೀಸಿಗೆ ಬಂದರೆ ಓದಿ ಸಹಿ ಮಾಡೋದಿಲ್ಲ. "ಎಲ್ಲಿ ಮಾಡ್ಲಿ ಸಾಹೇಬ್ರ?" ಅಂತ ಕೇಳ್ತಾರೆ. ಬೆರಳು ತೋರಿಸಿದ ಕಡೆ ಒತ್ತುತ್ತಾರೆ. ಅದು ಒಪ್ಪಿಗೆ ಅಲ್ಲ, ಅಭ್ಯಾಸ. ಇಂಕಿನ ಪ್ಯಾಡ್ ಕಂಡರೆ ಹೆಬ್ಬೆರಳು ತಾನೇ ಮುಂದೆ ಬರುತ್ತೆ.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ ನಡೆಯಿತು. ಪಾಥ್ ಅನ್ನೋ ಅಮೆರಿಕಾದ ಸಂಸ್ಥೆ, ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳು ಸೇರಿ ಮಾಡಿದ್ದು. ಬಹಳಷ್ಟು ಮಕ್ಕಳು ಆದಿವಾಸಿಗಳು, ಹಾಸ್ಟೆಲ್ಲಿನಲ್ಲಿ ಇದ್ದವರು. ಏಳು ಹುಡುಗಿಯರು ತೀರಿಕೊಂಡರು. 2010ರ ಏಪ್ರಿಲಿನಲ್ಲಿ ಯೋಜನೆ ನಿಲ್ಲಿಸಿದರು. ಸಾವಿಗೂ ಲಸಿಕೆಗೂ ಸಂಬಂಧ ಇಲ್ಲ ಅಂತ ವಿಚಾರಣೆ ಹೇಳಿತು. ಇರಲಿ. ಆದರೆ ಒಪ್ಪಿಗೆ ಪತ್ರಗಳ ಕಥೆ ಏನು? 2013ರ ಸಂಸದೀಯ ಸ್ಥಾಯಿ ಸಮಿತಿಯ ವರದಿಯಲ್ಲಿದೆ: ಆಂಧ್ರದಲ್ಲಿ ಪರಿಶೀಲಿಸಿದ 9,543 ಪತ್ರಗಳಲ್ಲಿ 1,948ಕ್ಕೆ ಹೆಬ್ಬಟ್ಟು. 2,763ಕ್ಕೆ ಹಾಸ್ಟೆಲ್ ವಾರ್ಡನ್ ಸಹಿ. ಅಪ್ಪ ಅವ್ವ ಅಲ್ಲ, ವಾರ್ಡನ್!

ಗಮನಿಸಿ, ಎಚ್‌ಪಿವಿ ಲಸಿಕೆ ಒಳ್ಳೆಯ ಲಸಿಕೆ. ನಮ್ಮ ಹೆಣ್ಣುಮಕ್ಕಳಿಗೆ ಅದು ಬೇಕು. ಹೀಗೆ ಕದ್ದುಮುಚ್ಚಿ ಕೊಟ್ಟಿದ್ದರಿಂದ ಆ ಒಳ್ಳೆಯ ಲಸಿಕೆಗೇ ಕೆಟ್ಟ ಹೆಸರು ಬಂತು. ಎಸ್‌ಸಿ ಎಸ್‌ಟಿ ಹಾಸ್ಟೆಲ್ಲಿನಲ್ಲಿ ಓದಿದ ಪ್ರತಿಯೊಬ್ಬರಿಗೂ ಗೊತ್ತು, ವಾರ್ಡನ್ ಹೇಳಿದ ಮೇಲೆ 'ಒಲ್ಲೆ' ಅನ್ನೋ ಮಾತೇ ಇಲ್ಲ.

ಇನ್ನೂ ಹತ್ತಿರದ್ದು ಹೇಳ್ತೀನಿ. ಸೋಲಾಪುರ ದಾಟಿದರೆ ಉಸ್ಮಾನಾಬಾದ್, ಈಗಿನ ಧಾರಾಶಿವ. ಅಲ್ಲಿನ 1,31,746 ಹೆಣ್ಣುಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆದು 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿ, ರೋಗ ಕಂಡವರಿಗೆ ಚಿಕಿತ್ಸೆ ಕೊಟ್ಟರೆ ಗರ್ಭಕಂಠದ ಕ್ಯಾನ್ಸರಿನಿಂದ ಸಾಯೋರ ಸಂಖ್ಯೆ ಹತ್ತಿರ ಹತ್ತಿರ ಅರ್ಧ ಇಳಿಯುತ್ತೆ ಅಂತ ಜಗತ್ತಿಗೆ ತೋರಿಸಿದ ಅಧ್ಯಯನ ಅದು. ಪರೀಕ್ಷೆ ಸಿಕ್ಕ ಗುಂಪಿನಲ್ಲಿ 34 ಸಾವು. ಹೋಲಿಕೆಗಾಗಿ ಇಟ್ಟು, ಮಾಮೂಲಿ ಆರೈಕೆಗೆ ಬಿಟ್ಟ ಗುಂಪಿನಲ್ಲಿ 64 ಸಾವು. ಆ 64 ಮಂದಿಗೆ ತಾವು ಯಾವ ಗುಂಪಿನಲ್ಲಿ ಇದ್ದೀವಿ ಅನ್ನೋದರ ಅರ್ಥ ಗೊತ್ತಿತ್ತಾ? ಇದರ ಬಗ್ಗೆ ಇವತ್ತಿಗೂ ವೈದ್ಯರ ನಡುವೆಯೇ ಜಗಳ ಇದೆ. ಆ ಮರಾಠಿ ಹಳ್ಳಿಯ ಬಡ ಹೆಣ್ಣುಮಕ್ಕಳಿಂದ ಕಲಿತದ್ದನ್ನು ಪ್ರಪಂಚ ಬಳಸಿಕೊಂಡಿತು. ಇವತ್ತು ಟಿಕೋಟಾದ ಒಬ್ಬ ಕೂಲಿ ಹೆಣ್ಣುಮಗಳು ಆ ಪರೀಕ್ಷೆ ಎಲ್ಲಿ ಮಾಡಿಸಬೇಕು? ಈ ಪ್ರಶ್ನೆಗೆ ಉತ್ತರ ಕೊಡೋದೂ ಸಂಶೋಧನೆಯ ಭಾಗ ಆಗಬೇಕು.

ನಂಬಿಕೆ ಮುರಿದರೆ ಏನಾಗುತ್ತೆ

ನೈಜೀರಿಯಾದ ಕಾನೋ. 1996. ಮಿದುಳು ಜ್ವರದ ದೊಡ್ಡ ಸಾಂಕ್ರಾಮಿಕ. ಫೈಜರ್ ಕಂಪನಿ ಸುಮಾರು 200 ಮಕ್ಕಳ ಮೇಲೆ ಟ್ರೋವಾನ್ ಅನ್ನೋ ಹೊಸ ಔಷಧದ ಪ್ರಯೋಗ ಮಾಡಿತು. ಅರ್ಧ ಮಕ್ಕಳಿಗೆ ಹೊಸದು, ಅರ್ಧ ಮಕ್ಕಳಿಗೆ ಹಳೇದು. ಒಟ್ಟು 11 ಮಕ್ಕಳು ತೀರಿಹೋದರು. ಕಂಪನಿ, ಸಾವು ರೋಗದಿಂದ ಆದದ್ದು ಅಂತ ಹೇಳಿತು. ಪಾಲಕರು, ಇದು ಪ್ರಯೋಗ ಅಂತ ನಮಗೆ ಯಾರೂ ಹೇಳಲೇ ಇಲ್ಲ ಅಂದರು. 2009ರಲ್ಲಿ ಕಾನೋ ರಾಜ್ಯದ ಜೊತೆ 7.5 ಕೋಟಿ ಡಾಲರಿಗೆ ರಾಜಿ ಆಯಿತು.

ಆದರೆ ಅದಕ್ಕೂ ಮುಂಚೆ, 2003ರಲ್ಲಿ, ಅದೇ ಕಾನೋದಲ್ಲಿ ಜನ ಪೋಲಿಯೊ ಹನಿ ಬೇಡ ಅಂದರು. ರಾಜ್ಯ ಸರ್ಕಾರವೇ ಸುಮಾರು ಒಂದು ವರ್ಷ ಅಭಿಯಾನ ನಿಲ್ಲಿಸಿತು. ವದಂತಿ, ರಾಜಕೀಯ ಎಲ್ಲಾ ಸೇರಿದ್ದವು. ಹಳೆಯ ಗಾಯವೂ ಸೇರಿತ್ತು. ಅಲ್ಲಿಂದ ಪೋಲಿಯೊ ಬೇರೆ ಬೇರೆ ದೇಶಗಳಿಗೆ ಹಬ್ಬಿತು. ಕಾಲು ಹೋದದ್ದು ಯಾರದ್ದು? ಕಂಪನಿಯವರ ಮಕ್ಕಳದ್ದಲ್ಲ. ಬಡವರ ಮಕ್ಕಳದ್ದೇ.

ಇದನ್ನು ಎರಡೂ ಕಡೆಯವರು ಕೇಳಿಸಿಕೊಳ್ಳಬೇಕು. ಸಂಶೋಧಕರೇ, ನೀವು ಇವತ್ತು ಮುಚ್ಚಿಟ್ಟದ್ದಕ್ಕೆ ಏಳು ವರ್ಷದ ನಂತರ ಇನ್ನೊಂದು ಮಗು ಬೆಲೆ ಕೊಡುತ್ತೆ. ನಮ್ಮ ಗ್ರೂಪಿನ ಹುಡುಗರೇ, ನೀವು ಸಿಟ್ಟಿನಲ್ಲಿ ಫಾರ್ವರ್ಡ್ ಮಾಡುವ 'ಸೂಜಿ ಚುಚ್ಚಿ ಸಂತಾನ ಹರಣ ಮಾಡ್ತಾರೆ' ಅನ್ನೋ ಮೆಸೇಜಿನ ಬೆಲೆಯನ್ನೂ ನಮ್ಮ ಕೇರಿಯ ಮಗುವೇ ಕೊಡುತ್ತೆ.

ಇನ್ನೊಂದು ಉದಾಹರಣೆ. 'ವಾಯ್ಸ್' ಅನ್ನೋ ಎಚ್‌ಐವಿ ತಡೆ ಅಧ್ಯಯನ. ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಯ 5,029 ಹೆಣ್ಣುಮಕ್ಕಳು. ದಿನಾ ಮಾತ್ರೆ ಅಥವಾ ಜೆಲ್ ಬಳಸಬೇಕು. ಕೇಳಿದಾಗ ಬಹುತೇಕ ಎಲ್ಲರೂ "ಹೂಂ, ತಗೋತೀವಿ" ಅಂದರು. ಲೆಕ್ಕದ ಪ್ರಕಾರ ಶೇ. 90ರಷ್ಟು ಬಳಕೆ. ರಕ್ತ ಪರೀಕ್ಷೆ ಮಾಡಿ ನೋಡಿದರೆ ಔಷಧ ಕಂಡದ್ದು ಶೇ. 30ಕ್ಕಿಂತ ಕಡಿಮೆ ಸ್ಯಾಂಪಲ್ಲುಗಳಲ್ಲಿ! ಆ ಹೆಣ್ಣುಮಕ್ಕಳನ್ನು ಸುಳ್ಳುಬುರುಕರು ಅಂತ ಕರೀಬೇಡಿ. ಆ ಮಾತ್ರೆ ಕಂಡರೆ 'ನಿನಗೇ ಎಚ್‌ಐವಿ ಐತಿ' ಅಂತ ಗಂಡ, ಅಕ್ಕಪಕ್ಕದವರು ಅಂದಾರು ಅನ್ನೋ ಭಯ. ಕ್ಲಿನಿಕ್ಕಿನಲ್ಲಿ 'ಒಲ್ಲೆ' ಅನ್ನೋಕೆ ಸಂಕೋಚ.

ನಮಗೆ ಇದು ಹೊಸದಾ? ದವಾಖಾನೆಯಲ್ಲಿ "ಗುಳಿಗಿ ತಗೊಂಡಿ ಏನವ್ವಾ?" ಅಂದ್ರೆ "ತಗೊಂಡೀನ್ರಿ ಸರ" ಅನ್ನೋದು. ದೊಡ್ಡವರ ಮುಂದೆ 'ಹೂಂ' ಅನ್ನೋದನ್ನು ನಮಗೆ ಸಾವಿರ ವರ್ಷ ಕಲಿಸ್ಯಾರ. ಆ 'ಹೂಂ' ನಂಬಿ ಅಂಕಿಸಂಖ್ಯೆ ಕಟ್ಟಿದರೆ ಅಂಕಿಯೂ ಸುಳ್ಳು, ಅದರ ಮೇಲಿನ ವಿಜ್ಞಾನವೂ ಸುಳ್ಳು. ಜನರಿಗೆ 'ಇಲ್ಲ' ಅನ್ನೋ ಧೈರ್ಯ ಇದ್ದಾಗ ಮಾತ್ರ ಅವರ 'ಹೂಂ'ಗೆ ಬೆಲೆ. ಸಮುದಾಯದ ಸಹಭಾಗಿತ್ವ ಬರೀ ಸೌಜನ್ಯ ಅಲ್ಲ. ಅದಿಲ್ಲದಿದ್ದರೆ ಸಂಶೋಧನೆಯೇ ಕೆಡುತ್ತೆ.

'ಸಮುದಾಯ' ಅಂದ್ರೆ ಯಾರ ಕಟ್ಟೆ?

ಈಗ ನಮ್ಮ ಅಸಲಿ ಪ್ರಶ್ನೆಗೆ ಬರೋಣ.

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಗರ್ಭಿಣಿಯರ ರಕ್ತದೊತ್ತಡದ ಬಗ್ಗೆ 'ಕ್ಲಿಪ್' ಅನ್ನೋ ಅಧ್ಯಯನ ನಡೆಯಿತು. ಪಾಕಿಸ್ತಾನ, ಆಫ್ರಿಕಾದ ಮೊಜಾಂಬಿಕ್‌ನಲ್ಲೂ ಅದೇ ಮಾದರಿ. ಅದರಲ್ಲಿ ಸಮುದಾಯದ ಸಭೆಗಳು ಕಾರ್ಯಕ್ರಮದ ಒಂದು ಭಾಗವೇ ಆಗಿದ್ದವು. ಗರ್ಭಿಣಿಯರ ಜೊತೆ ಅತ್ತೆ, ಗಂಡ, ಊರ ಹಿರಿಯರನ್ನೂ ಮಾತಾಡಿಸೋದು. ಸರಿಯಾದ ಯೋಚನೆ. ದವಾಖಾನೆಗೆ ಹೋಗಬೇಕಾ ಬೇಡವಾ ಅನ್ನೋದನ್ನು ಸೊಸೆ ಒಬ್ಬಳೇ ತೀರ್ಮಾನ ಮಾಡೋದಿಲ್ಲವಲ್ಲ.

ಆದರೆ ಇಂಥ ಯಾವುದೇ ಕೆಲಸ ನಮ್ಮ ಕಡೆ ಮಾಡುವಾಗ ಒಂದು ವಿಚಾರ ಮಾಡಬೇಕು. ನಮ್ಮಲ್ಲಿ ಊರು ಬೇರೆ, ಕೇರಿ ಬೇರೆ. ಊರ ಸಭೆ ಅಂದ್ರೆ ಯಾವ ಕಟ್ಟೆ ಮೇಲೆ? ಗುಡಿ ಮುಂದೆ ಸಭೆ ಕರೆದರೆ ನಮ್ಮ ಹೆಣ್ಣುಮಕ್ಕಳು ಎಲ್ಲಿ ಕೂಡಬೇಕು? ಕೂತರೂ ಬಾಯಿ ಬಿಡ್ತಾರಾ? ಹೊಲದ ಮಾಲೀಕ ಎದುರಿಗೆ ಕೂತಿದ್ದಾಗ ಅವನ ತೋಟದ ಔಷಧದಿಂದ ತಲೆ ತಿರುಗುತ್ತೆ ಅಂತ ಯಾರು ಹೇಳ್ತಾರೆ? ಹಳ್ಳಿಯನ್ನು ಒಂದೇ ಮನಸ್ಸಿನ ಒಂದು ಸಮುದಾಯ ಅಂತ ಹೊಗಳೋದನ್ನು ಬಾಬಾಸಾಹೇಬರು 1948ರ ನವೆಂಬರ್ 4ರಂದೇ ಸಂವಿಧಾನ ಸಭೆಯಲ್ಲಿ ಖಡಾಖಂಡಿತವಾಗಿ ತಿರಸ್ಕರಿಸಿದರು. ಸಂಶೋಧಕರು ಇನ್ನೂ ಅದೇ ಹಳೆಯ ಹಳ್ಳಿಯನ್ನು ಹುಡುಕ್ತಾ ಬರ್ತಾರೆ. ಗೌಡರು ಒಪ್ಪಿದರು, ಅಧ್ಯಕ್ಷರು ಒಪ್ಪಿದರು, ಊರು ಒಪ್ಪಿತು. ಕೇರಿ ಯಾವಾಗ ಒಪ್ಪಿತು?

ಕಮಿಟಿಯಲ್ಲಿ 'ನಿಮ್ಮವರು ಒಬ್ಬರು ಇದ್ದಾರಲ್ಲ' ಅಂತಾರೆ. ನಮ್ಮವನು ಇರೋದು ಬೇರೆ, ನಾವು ಆರಿಸಿದವನು ಇರೋದು ಬೇರೆ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಬಾಬಾಸಾಹೇಬರು ಹೇಳಿದ್ದು ಇದನ್ನೇ: ಅಸ್ಪೃಶ್ಯರ ಪರವಾಗಿ ಅಸ್ಪೃಶ್ಯರೇ ಮಾತಾಡಬೇಕು. 1932ರ ಪೂನಾ ಒಪ್ಪಂದದ ನಂತರ ನಮ್ಮ ಪ್ರತಿನಿಧಿಯನ್ನು ಬೇರೆಯವರ ವೋಟು ಆರಿಸೋ ಹಾಗಾಯ್ತು, ಅದರ ಫಲ ಇವತ್ತಿಗೂ ಉಣ್ತಾ ಇದ್ದೀವಿ. ದವಾಖಾನೆ ಕಮಿಟಿಯಲ್ಲೂ ಮತ್ತೆ ಅದನ್ನೇ ಒಪ್ಪಬೇಕಾ?

ಕೆನ್ಯಾದ ಕಿಲಿಫಿಯಲ್ಲಿ ಒಂದು ದೊಡ್ಡ ಸಂಶೋಧನಾ ಕೇಂದ್ರ ಇದೆ, ಕೆಮ್ರಿ-ವೆಲ್‌ಕಮ್. ಅಲ್ಲಿ ಜನರೇ ತಮ್ಮ ತಮ್ಮ ಪ್ರದೇಶದಿಂದ ಪ್ರತಿನಿಧಿಗಳನ್ನು ಆರಿಸಿ ಕಳಿಸ್ತಾರೆ. ನೂರಕ್ಕೂ ಹೆಚ್ಚು ಮಂದಿ ಹೀಗೆ ಆರಿಸಿ ಬಂದವರು. ಹೊಸ ಅಧ್ಯಯನ ಶುರುವಾಗೋ ಮುಂಚೆ ಅವರ ಜೊತೆ ಮಾತುಕತೆ ಆಗುತ್ತೆ. ಅಲ್ಲೂ ತೊಡಕಿದೆ. ಈ ಪ್ರತಿನಿಧಿ ಜನರ ಕಡೆಯವನೋ, ಕೇಂದ್ರದ ಕಡೆಯವನೋ ಅನ್ನೋ ಪ್ರಶ್ನೆ ಎದ್ದಿದೆ, ಅದನ್ನು ಅವರೇ ಬರೆದುಕೊಂಡಿದ್ದಾರೆ. ಆದರೂ ಜನ ಆರಿಸಿದ್ದು ಅನ್ನೋದು ದೊಡ್ಡ ಮಾತು.

ಸೇತುವೆ ಆಗೋರ ಬಗ್ಗೆ ಎಚ್ಚರ ಬೇಕು ಅನ್ನೋದಕ್ಕೆ ಅಮೆರಿಕಾದ ಟಸ್ಕೀಗಿಗಿಂತ ದೊಡ್ಡ ಸಾಕ್ಷಿ ಇಲ್ಲ. 1932ರಿಂದ 1972ರವರೆಗೆ, 40 ವರ್ಷ, ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ರೋಗದ ಹೆಸರೂ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ಸರ್ಕಾರಿ ವೈದ್ಯರು ನೋಡ್ತಾ ಕೂತರು. ಅಷ್ಟು ವರ್ಷ ಆ ಜನರನ್ನು ಹಿಡಿದಿಟ್ಟದ್ದು ಏನು? ಗಾಡಿಯಲ್ಲಿ ಕರೆದುಕೊಂಡು ಹೋಗೋದು, ಒಂದು ಊಟ, ಮಣ್ಣಿನ ಖರ್ಚು. ಜೊತೆಗೆ ಅವರದ್ದೇ ಸಮುದಾಯದ ನರ್ಸ್, ಯೂನಿಸ್ ರಿವರ್ಸ್. ಅವರನ್ನು ಜನ ನಂಬಿದ್ದರು. 'ನಮ್ಮವರು' ಬಂದು ಕರೆದಾಗ ಪ್ರಶ್ನೆ ಕೇಳಲಿಲ್ಲ. ಅದು ಬಯಲಾದ ವರ್ಷ 1972. ಅದೇ ವರ್ಷ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಯಾರ ಹೆಸರಿನಿಂದ ಸ್ಫೂರ್ತಿ ಪಡೆದು ಹುಟ್ಟಿತು ಅನ್ನೋದು ನಿಮಗೆ ಗೊತ್ತು.

ಇವತ್ತು ನಮ್ಮ ಕೇರಿಯಲ್ಲಿ ಆ ಸೇತುವೆ ಯಾರು? ಆಶಾ ಅಕ್ಕ. ಎಷ್ಟೋ ಕಡೆ ನಮ್ಮ ಹೆಣ್ಣುಮಗಳೇ. ಗೌರವಧನ ತಡವಾಗಿ ಬರುತ್ತೆ, ಅದರ ಮೇಲೆ ಇನ್ನೊಂದು ರಿಜಿಸ್ಟರು, ಇನ್ನೊಂದು ಸರ್ವೆ. ಅವಳು ಮನೆ ಬಾಗಿಲಿಗೆ ಬಂದು "ಯಕ್ಕಾ, ಒಂದು ಸಹಿ ಮಾಡ" ಅಂದ್ರೆ ಯಾರು ಇಲ್ಲ ಅಂತಾರೆ? ಅದು ಸಂಶೋಧನೆಗೆ ಕೊಟ್ಟ ಒಪ್ಪಿಗೆ ಅಲ್ಲ, ಆಶಾ ಅಕ್ಕನ ಮೇಲಿನ ಪ್ರೀತಿ. ಆ ಪ್ರೀತಿಯನ್ನು ಪುಕ್ಕಟೆ ಬಳಸಿಕೊಳ್ಳಬೇಡಿ.

ಇಡೀ ಜಾತಿಗೆ ತಗಲೋ ಪೆಟ್ಟು

ಒಬ್ಬೊಬ್ಬರ ಸಹಿ ಸರಿಯಾಗಿ ತಗೊಂಡರೂ ಒಂದು ಸಮಸ್ಯೆ ಉಳಿಯುತ್ತೆ. ವರದಿಯಲ್ಲಿ ನನ್ನ ಹೆಸರು ಇರೋದಿಲ್ಲ, ನನ್ನ ಜಾತಿ ಇರುತ್ತೆ. 'ಇಂಥ ಜಾತಿಯಲ್ಲಿ ಇಂಥ ರೋಗ ಇಷ್ಟು' ಅಂತ ಪೇಪರಿನಲ್ಲಿ ಬಂದರೆ ನಾಳೆ ಹುಡುಗಿ ನೋಡೋಕೆ ಬಂದವರು, ಮನೆ ಬಾಡಿಗೆ ಕೊಡೋರು ಅದನ್ನೇ ಹಿಡೀತಾರೆ. ದೇವದಾಸಿ ತಾಯಂದಿರ ಮಕ್ಕಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 1993-94 ಮತ್ತು 2007-08ರ ಸರ್ಕಾರಿ ಸರ್ವೆಗಳಲ್ಲಿ 46,660 ತಾಯಂದಿರು ಲೆಕ್ಕಕ್ಕೆ ಸಿಕ್ಕರು. ಲೆಕ್ಕ ಬೇಕು, ಲೆಕ್ಕ ಇಲ್ಲದೆ ಪಿಂಚಣಿ ಇಲ್ಲ, ಮನೆ ಇಲ್ಲ. ಆದ್ರೆ ಲೆಕ್ಕ ಮತ್ತು ಕಳಂಕ ಒಂದೇ ಗಾಡಿಯಲ್ಲಿ ಬರ್ತಾವೆ.

ದಕ್ಷಿಣ ಆಫ್ರಿಕಾದ ಸ್ಯಾನ್ ಜನಾಂಗ ಇದಕ್ಕೆ ಒಂದು ದಾರಿ ತೋರಿಸಿದೆ. 2010ರಲ್ಲಿ ಅವರ ಜನರ ಜೀನೋಮ್ ಅಧ್ಯಯನ ದೊಡ್ಡ ಜರ್ನಲ್ಲಿನಲ್ಲಿ ಬಂತು. ಒಬ್ಬೊಬ್ಬರ ಒಪ್ಪಿಗೆ ಇತ್ತು, ಸಮುದಾಯದ ಮುಖಂಡರನ್ನು ಕೇಳಿರಲಿಲ್ಲ, ಬಳಸಿದ ಕೆಲವು ಮಾತು ಅವಮಾನ ಮಾಡೋ ಹಾಗಿದ್ದವು. ಅವರು ಅತ್ತು ಕೂರಲಿಲ್ಲ. 2017ರಲ್ಲಿ ತಮ್ಮದೇ ಸಂಶೋಧನಾ ನೀತಿ ಸಂಹಿತೆ ಬರೆದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ. ನಮ್ಮ ಹತ್ತಿರ ಬರಬೇಕಾದರೆ ಇದನ್ನು ಪಾಲಿಸಿ ಅಂತ ಜಗತ್ತಿಗೆ ಹೇಳಿದರು. ಓದು ಬರಹ ಹೆಚ್ಚಿಲ್ಲದ, ಸಂಖ್ಯೆಯಲ್ಲಿ ಸಣ್ಣ ಜನಾಂಗ. ಅವರಿಗೆ ಆಗೋದು ನಮಗೆ ಯಾಕೆ ಆಗೋದಿಲ್ಲ?

ಆಗುತ್ತೆ. 2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಸರ್ವೆ ಮಾಡಿದಾಗ ನಾವೇನು ಮಾಡಿದ್ವಿ? 'ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಬರೆಸಿ ಸುಮ್ಮನಾಗಬೇಡಿ, ಮೂಲ ಜಾತಿ ಬರೆಸಿ' ಅಂತ ಕೇರಿ ಕೇರಿಗೆ ಹೋಗಿ ಹೇಳಿದ್ವಿ. ಪ್ರಶ್ನೆ ಸರಿ ಇದೆಯಾ, ಉತ್ತರ ಹೇಗೆ ಬರೆದುಕೊಳ್ತಾರೆ, ಎಲ್ಲಾ ಜಗಳ ಆಡಿ ಕೇಳಿದ್ವಿ. ಅದೇ ಸಮುದಾಯದ ಸಹಭಾಗಿತ್ವ ಕಣ್ರೀ! ಮೀಸಲಾತಿ ಸರ್ವೆಗೆ ಇದ್ದ ಎಚ್ಚರ ರಕ್ತದ ಸರ್ವೆಗೂ ಬೇಕು.

ಕಲಬುರಗಿಯನ್ನೂ ನೆನಪು ಮಾಡಿಕೊಳ್ಳಿ. 2015ರಲ್ಲಿ ಅಲ್ಲಿನ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳಲ್ಲಿ ಬೇಕಾಬಿಟ್ಟಿ ತೆಗೆದದ್ದು ಹೊರಗೆ ಬಂತಲ್ಲ, ಅದನ್ನು ಹೊರಗೆ ತಂದದ್ದು ತಾಂಡಾದ ಹೆಣ್ಣುಮಕ್ಕಳು ಮತ್ತು ಜನಾರೋಗ್ಯ ಚಳವಳಿಯವರು. ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡರು. ಅದೂ ಸಂಶೋಧನೆ. ಪ್ರಶ್ನೆ ನಮ್ಮದಾಗಿತ್ತು, ಅಷ್ಟೇ ವ್ಯತ್ಯಾಸ.

ನಮ್ಮ ಷರತ್ತುಗಳು

ಕಾನೂನು ನಮ್ಮ ವಿರುದ್ಧ ಇಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಔಷಧ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ಸಮಿತಿಯಲ್ಲಿ ಸಾಮಾನ್ಯ ನಾಗರಿಕರೂ ಮಹಿಳೆಯೂ ಇರಲೇಬೇಕು. ಓದು ಬಾರದವರ ಒಪ್ಪಿಗೆ ಪಡೆಯುವಾಗ ನಿಷ್ಪಕ್ಷಪಾತ ಸಾಕ್ಷಿ ಬೇಕು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಸಮುದಾಯದ ಜೊತೆ ಸಮಾಲೋಚನೆ ಮಾಡಬೇಕು ಅಂತ ಇದೆ. ಆದ್ರೆ ಕಾಗದದಲ್ಲಿ ಇರೋದನ್ನು ಕೇಳಿ ಪಡೆಯೋದು ನಮ್ಮ ಕೆಲಸ. ನನ್ನ ಪ್ರಸ್ತಾವ ಹೀಗಿದೆ, ನೀವೂ ಸೇರಿಸಿ:

1. ಊರ ಸಭೆ ಬೇರೆ, ಕೇರಿ ಸಭೆ ಬೇರೆ. ನಮ್ಮ ಸಮುದಾಯ ಭವನದಲ್ಲೋ ಜನತಾ ಪ್ಲಾಟಿನಲ್ಲೋ, ಕೂಲಿ ಮುಗಿದ ಮೇಲೆ ಸಂಜೆ, ನಮ್ಮ ಭಾಷೆಯಲ್ಲಿ ಮೊದಲು ಹೇಳಬೇಕು. ಹೆಣ್ಣುಮಕ್ಕಳಿಗೆ ಬೇರೆ ಸಭೆ.

2. ಅರ್ಜಿ ಕೊಟ್ಟರೆ ಆಫೀಸಿನಲ್ಲಿ ಸ್ವೀಕೃತಿ ಕೊಡ್ತೀವಿ, ಇನ್ವರ್ಡ್ ನಂಬರ್ ಇರುತ್ತೆ. ರಕ್ತ ಕೊಟ್ಟವರಿಗೆ ಯಾಕಿಲ್ಲ? ಒಂದು ಪುಟದ ಕನ್ನಡ ಕಾಗದ ಮನೆಯಲ್ಲಿ ಬಿಟ್ಟು ಹೋಗಬೇಕು. ಯಾರು ಮಾಡ್ತಿದ್ದಾರೆ, ಯಾರ ಹಣ, ಯಾವ ನೈತಿಕ ಸಮಿತಿ ಒಪ್ಪಿದೆ, ಫೋನ್ ನಂಬರ್. ಔಷಧ, ಲಸಿಕೆಯ ಪ್ರಯೋಗ ಆಗಿದ್ದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ. ಆ ಸಂಖ್ಯೆ ಹಾಕಿ ಮೊಬೈಲಿನಲ್ಲೇ ಯಾರು ಬೇಕಾದರೂ ಹುಡುಕಬಹುದು. ನಮ್ಮ ಡಿಗ್ರಿ ಹುಡುಗರು ಈ ಒಂದು ಕೆಲಸ ಕಲೀಬೇಕು.

3. ಒಪ್ಪಿಗೆ ಕೇಳೋರು ಆಶಾ ಅಕ್ಕ, ವಾರ್ಡನ್, ಮಾಸ್ತರ, ಗೌಡ ಆಗಬಾರದು. ಕೇಳಿ ಎರಡು ದಿನ ಯೋಚನೆಗೆ ಬಿಡಬೇಕು. 'ಒಲ್ಲೆ' ಅಂದವರ ರೇಷನ್, ದವಾಖಾನೆ, ಕೂಲಿ ಯಾವುದಕ್ಕೂ ತೊಂದರೆ ಆಗಬಾರದು. ಆಶಾ ಅಕ್ಕ ಕೆಲಸ ಮಾಡಿದರೆ ಅದಕ್ಕೆ ಬೇರೆ ಸಂಬಳ.

4. ಸಲಹಾ ಸಮಿತಿಯಲ್ಲಿ ಕೇರಿ ಆರಿಸಿದವರು. ಅರ್ಧಕ್ಕೆ ಕಡಿಮೆ ಇಲ್ಲದಂತೆ ಹೆಣ್ಣುಮಕ್ಕಳು, ಅದರಲ್ಲಿ ಕೂಲಿಯವರು, ದೇವದಾಸಿ ತಾಯಂದಿರು. ಆ ದಿನದ ಕೂಲಿ ಕೊಡಬೇಕು. ನಡಾವಳಿ ಕನ್ನಡದಲ್ಲಿ.

5. ವರದಿಯಲ್ಲಿ ಜಾತಿಯ ಹೆಸರು, ಊರಿನ ಹೆಸರು ಹಾಕೋ ಮುಂಚೆ ಕೇಳಬೇಕು.

6. ರೋಗ ಕಂಡರೆ ಚಿಕಿತ್ಸೆಯ ದಾರಿ ಮೊದಲೇ ಹೇಳಬೇಕು. 'ನಿಮಗೆ ಬಿಪಿ ಐತಿ' ಅಂತ ಹೇಳಿ ಗಾಡಿ ಹತ್ತಿ ಹೋಗೋದಲ್ಲ. ಅಧ್ಯಯನ ಮುಗಿದ ಮೇಲೆ ಫಲಿತಾಂಶ ಕೇರಿಗೆ ಬಂದು ಹೇಳಬೇಕು, ಒಳ್ಳೇದೋ ಕೆಟ್ಟದ್ದೋ.

7. ಎಲ್ಲಕ್ಕಿಂತ ದೊಡ್ಡದು: ಪ್ರಶ್ನೆ ನಮ್ಮದೂ ಇರಬೇಕು. ಟಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿಯಿಂದ ಹಿಡಿದು ಒಣದ್ರಾಕ್ಷಿ ಶೆಡ್ಡಿನವರೆಗೆ ಕೈ ಹಾಕೋದು ನಮ್ಮ ಹೆಣ್ಣುಮಕ್ಕಳು. ಎಣ್ಣಿ ಹೊಡೆದ ಬಳ್ಳಿಯ ಕೆಳಗೆ ಬರಿಗೈಯಲ್ಲಿ ಕೆಲಸ. ಔಷಧದಲ್ಲಿ ಗೊನೆ ಅದ್ದುವ ಕೈಗೆ ಗ್ಲೌಸ್ ಇಲ್ಲ. ಆ ಕೈಗೆ, ಕಣ್ಣಿಗೆ, ಹೊಟ್ಟೆಯಲ್ಲಿರೋ ಕೂಸಿಗೆ ಏನಾಗ್ತಿದೆ? ಬೋರಿನ ಸವುಳು ನೀರು ಕುಡಿದು ಮೂತ್ರಪಿಂಡಕ್ಕೆ ಏನಾಗ್ತಿದೆ? ನಗರದಲ್ಲಿ ಗಟಾರ ಬಳಿಯೋ ನಮ್ಮ ಪೌರಕಾರ್ಮಿಕರ ಪುಪ್ಪುಸದ ಕಥೆ ಏನು? ಇದನ್ನು ಸಂಶೋಧನೆ ಮಾಡ್ರಿ. ನಾವೇ ಮನೆ ಮನೆಗೆ ಕರೆದುಕೊಂಡು ಹೋಗ್ತೀವಿ, ಪ್ರಶ್ನೆ ಬರೆಯೋಕೂ ಕೂಡ್ತೀವಿ.

ಕೊನೆಗೆ ನಮ್ಮವರಿಗೆ ಒಂದು ಮಾತು

ಇದು ಕಹಿ ಆಗಬಹುದು. ನಾಳೆ ಇಂಥ ಸಮಿತಿ ಆದರೆ ಮೊದಲು ಕುರ್ಚಿ ಹಿಡಿಯೋರು ನಮ್ಮ ಸಂಘದ ಗಂಡಸರೇ. ಫ್ಲೆಕ್ಸಿನಲ್ಲಿ ಫೋಟೋ, ಟಿಎ ಬಿಲ್ಲು. 'ನಮ್ಮ ಮಂದೀನ ನಾ ಒಪ್ಪಿಸ್ತೀನಿ, ನಂದೇನು ನೋಡ್ಕೋರಿ' ಅನ್ನೋ ದಲ್ಲಾಳಿಗಳು ನಮ್ಮಲ್ಲೂ ಇದ್ದಾರೆ. ಗರ್ಭಕೋಶದ ವಿಷಯಕ್ಕೆ ಗಂಡಸು ಪ್ರತಿನಿಧಿ, ಪೌರಕಾರ್ಮಿಕರ ವಿಷಯಕ್ಕೆ ಪೊರಕೆ ಹಿಡಿಯದ ಪ್ರತಿನಿಧಿ! ಊರಿನವರು ನಮಗೆ ಮಾಡಿದ್ದನ್ನು ನಾವು ನಮ್ಮ ಹೆಣ್ಣುಮಕ್ಕಳಿಗೆ ಮಾಡಿದರೆ ಬಾಬಾಸಾಹೇಬರ ಫೋಟೋ ಹಾಕಿಕೊಳ್ಳೋಕೆ ನಮಗೆ ಮುಖ ಇರೋದಿಲ್ಲ.

ಮುಂದಿನ ಹೆಜ್ಜೆ: ಟಿಕೋಟಾ, ಬಬಲೇಶ್ವರ ಮತ್ತು ವಿಜಯಪುರ ನಗರದ ಸಂಘಗಳು, ಮಹಿಳಾ ಒಕ್ಕೂಟಗಳು, ಆಶಾ ಅಕ್ಕಂದಿರು ಒಂದು ಭಾನುವಾರ ಕೂಡಿ ಈ ಏಳು ಅಂಶಗಳನ್ನು ತಿದ್ದಿ, ಒಂದು ಪುಟದ 'ಕೇರಿ ಸಂಹಿತೆ' ಮಾಡೋಣ. ಜಿಲ್ಲಾ ಆರೋಗ್ಯಾಧಿಕಾರಿಗೆ, ಜಿಲ್ಲೆಯ ಮೆಡಿಕಲ್ ಕಾಲೇಜುಗಳ ನೈತಿಕ ಸಮಿತಿಗಳಿಗೆ, ಗ್ರಾಮ ಪಂಚಾಯತಿಗಳಿಗೆ ಕೊಟ್ಟು ಸ್ವೀಕೃತಿ ತಗೊಳ್ಳೋಣ. ಟೈಪ್ ಮಾಡೋ ಕೆಲಸ ನನ್ನದು. ಎಂಟನೇ ಅಂಶ ಏನಿರಬೇಕು ಅಂತ ಕಾಮೆಂಟಿನಲ್ಲಿ ಬರೀರಿ. ಮನೆಯಲ್ಲಿರೋ ಅವ್ವ, ಅಕ್ಕ, ಹೆಂಡತಿಗೆ ಓದಿ ಹೇಳಿ, ಅವರ ಮಾತು ಕೇಳಿ ಬರೀರಿ.

ಜೈ ಭೀಮ್.